ಹುಪರಿಯ ಗೆಜ್ಜೆ ಹಾಗೂ ಕರ್ನೆಲ್ಲಿನ ಟೈಮರ್: ಒಂದು ಘನ ವಿಚಾರಣೆ

ಕೊಲ್ಹಾಪುರ ಜಿಲ್ಲೆಯ ಹುಪರಿ ಬೆಳ್ಳಿಯ ಊರು, ಕಾಲ್ಗೆಜ್ಜೆಗೆ ಹೆಸರುವಾಸಿ. ಆಪರೇಟಿಂಗ್ ಸಿಸ್ಟಮ್ಮಿನ ಟೈಮರ್ ವಿದ್ಯೆ ಹುಟ್ಟಿದ್ದೂ ಇಲ್ಲೇ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಶಾಸನಾಧಾರವಿಲ್ಲ. ಇಲ್ಲದಿರುವುದೇ ಅದರ ಪ್ರಾಚೀನತೆಗೆ ಪ್ರಮಾಣ.

ಹೆಜ್ಜೆ ಕಲಿತ ಕೂಸಿನ ಕಾಲಿಗೆ ಗೆಜ್ಜೆ ಕಟ್ಟುವುದು ಬರೀ ಅಂದಕ್ಕಲ್ಲ. ಅದು ಎತ್ತ ಹೋಯಿತೆಂದು ಒಳಗೆ ರೊಟ್ಟಿ ಬಡಿಯುವ ಅವ್ವನಿಗೆ ತಿಳಿಯಬೇಕಲ್ಲ! ಕರ್ನೆಲ್ಲೂ ಅವ್ವನೇ. ಒಮ್ಮೆ ಪ್ರೋಗ್ರಾಮಿಗೆ ಪ್ರೊಸೆಸರ್ ಒಪ್ಪಿಸಿತೋ, ಅದು ತಾನಾಗಿ ಬಿಟ್ಟುಕೊಡಬೇಕು, ಇಲ್ಲವೇ ಇಂಟರಪ್ಟ್ ಬರಬೇಕು. ಅಲ್ಲಿಯವರೆಗೆ ಕರ್ನೆಲ್ಲಿಗೆ ದಿಕ್ಕಿಲ್ಲ. ಆ ಇಂಟರಪ್ಟನ್ನು ಬಡಿತ ಬಡಿತಕ್ಕೂ ತರುವ ಗೆಜ್ಜೆಯೇ ಟೈಮರ್.

ಪೂರ್ವಪಕ್ಷ: ಟೈಮರು 1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8253 ಚಿಪ್ಪಿನ ಕೊಡುಗೆ.

ಖಂಡನೆ: ಆ ಚಿಪ್ಪು ಸೆಕೆಂಡಿಗೆ 11,93,182 ಸಲ ಎಣಿಸುತ್ತದೆ. ಬುದ್ಧಿಯಿದ್ದವರು ಆರಿಸುವ ಸಂಖ್ಯೆಯೇ ಇದು? ಅಮೆರಿಕದ ಕಲರ್ ಟಿವಿಗೆ ಹೊಂದಲೆಂದು ಹಾಕಿದ 14.31818 ಮೆಗಾಹರ್ಟ್ಸ್ ಸ್ಫಟಿಕವನ್ನು ಹನ್ನೆರಡರಿಂದ ಭಾಗಿಸಿ ಬಂದದ್ದು. ಸೆಕೆಂಡಿಗೆ 100 ಬಡಿತ ಬೇಕೆಂದರೆ ಭಾಜಕ 11,931.8 ಆಗುತ್ತದೆ, ಚಿಪ್ಪಿಗೆ ಭಿನ್ನರಾಶಿ ಬರದು, 11,932 ಕೊಡಬೇಕು. ನೂರು ಬಡಿತವೇ ಒಂದು ಸೆಕೆಂಡೆಂದು ನಂಬಿದ ಕರ್ನೆಲ್ ದಿನಕ್ಕೆ ಸುಮಾರು 1.3 ಸೆಕೆಂಡು ಹಿಂದೆ ಬೀಳುತ್ತದೆ. ಗುಡಿಸಿದ ಧೂಳಿನಿಂದಲೂ ಬೆಳ್ಳಿ ತೆಗೆಯುವ ಕಸುಬಿನವರು ಇಷ್ಟು ಸವಕಳಿ ಸಹಿಸುವರೇ? ಆದ್ದರಿಂದ ಚಿಪ್ಪು ಹುಪರಿಯದಲ್ಲ. ತತ್ತ್ವ ಮಾತ್ರ ಹುಪರಿಯದು. (ಪೂರ್ವಪಕ್ಷಿಗಳು ಇಲ್ಲಿಗೆ ಸುಮ್ಮನಾಗಬೇಕು.)

ಪ್ರಯೋಗವಿಧಿ: ಮೊದಲು ಹ್ಯಾಂಡ್ಲರ್ ಬರೆದಿಡಬೇಕು. ಆಮೇಲೆ ಇಂಟರಪ್ಟ್ ಕಂಟ್ರೋಲರಿಗೆ ಬುದ್ಧಿ ಹೇಳಬೇಕು. ಬಯಾಸ್ ಟೈಮರನ್ನು 8ನೆಯ ವೆಕ್ಟರಿಗೆ ಕಟ್ಟಿರುತ್ತದೆ. ಪ್ರೊಟೆಕ್ಟೆಡ್ ಮೋಡಿನಲ್ಲಿ 8 ಎಂದರೆ ಡಬಲ್ ಫಾಲ್ಟ್ ಎಂಬ ಘೋರ ದೋಷದ ಸೂಚನೆ. ಗೆಜ್ಜೆ ಘಲ್ ಎಂದೊಡನೆ ಕೂಸು ಬಾವಿಗೆ ಬಿತ್ತೆಂದು ಅವ್ವ ಎದೆ ಬಡಿದುಕೊಳ್ಳುತ್ತಾಳೆ. ಆದ್ದರಿಂದ ಟೈಮರನ್ನು 32ನೆಯ ವೆಕ್ಟರಿಗೆ ಸರಿಸಿ, ಹೆಕ್ಸ್ 43ರ ಪೋರ್ಟಿಗೆ ಹೆಕ್ಸ್ 36 ಎಂಬ ಬೀಜಾಕ್ಷರ ಅರ್ಪಿಸಿ, ಹೆಕ್ಸ್ 40ಕ್ಕೆ ಭಾಜಕದ ಕೆಳಬೈಟು 156, ಬಳಿಕ ಮೇಲ್ಬೈಟು 46 ಹಾಕತಕ್ಕದ್ದು. ಕಡೆಗೆ ಇಂಟರಪ್ಟ್ ಬಿಡುಗಡೆ. ಸೊನ್ನೆ ಹಾಕಿದರೆ ಚಿಪ್ಪು ಅದನ್ನು 65,536 ಎಂದು ಓದುತ್ತದೆ. ಡಾಸ್ ಈ ಲೆಕ್ಕದಲ್ಲೇ ಸೆಕೆಂಡಿಗೆ 18.2 ಬಡಿತದಲ್ಲಿ ಬಾಳಿತು. ಹುಪರಿಯ ತಕ್ಕಡಿಯ ಮುಂದೆ ಇದನ್ನು ಹೇಳಬಾರದು.

ಪ್ರತಿ ಬಡಿತಕ್ಕೂ ‘ಕೇಳಿಸಿತು’ ಎಂದು ಕಂಟ್ರೋಲರಿಗೆ ಹೆಕ್ಸ್ 20 ಕಳಿಸದಿದ್ದರೆ ಎರಡನೆಯ ಬಡಿತ ಬಾರದು. ಹೊಸಬರ ಕರ್ನೆಲ್ಲುಗಳು ಬಹುತೇಕ ಇಲ್ಲೇ ಮೋಕ್ಷ ಹೊಂದುತ್ತವೆ.

ಈಚೆಗೆ ನಾಸ್ತಿಕರೂ ಹುಟ್ಟಿದ್ದಾರೆ. 2007ರ ಲಿನಕ್ಸ್ 2.6.21ರಿಂದ, ಕೆಲಸವಿಲ್ಲದ ಪ್ರೊಸೆಸರಿನ ಗೆಜ್ಜೆ ಬಿಚ್ಚಿಟ್ಟು ಕರೆಂಟು ಉಳಿಸುತ್ತಾರೆ. ಮಲಗಿದ ಕೂಸಿಗೆ ಗೆಜ್ಜೆ ಏಕೆ ಎಂಬುದು ಅವರ ವಾದ. ಹುಪರಿಯ ವ್ಯಾಪಾರಕ್ಕೇ ಕುತ್ತು ತರುವ ಈ ಪಂಥದ ಖಂಡನೆ ಎರಡನೆಯ ಸಂಪುಟದಲ್ಲಿ ಬರಲಿದೆ, ಮುಂದಿನ ಟಿಕ್ ಬಂದರೆ.