ಬಣ್ಣದ ವೇಷಕ್ಕೆ ಫೇಷಿಯಲ್

ಹೊಸ ಕ್ಯಾಮೆರಾದ ಮೆನು ತೆರೆಯುವುದೆಂದರೆ ಸೀರೆ ಅಂಗಡಿಗೆ ಕಾಲಿಟ್ಟಂತೆ. ಸ್ಟ್ಯಾಂಡರ್ಡ್, ವಿವಿಡ್, ನ್ಯೂಟ್ರಲ್, ಪೋರ್ಟ್ರೇಟ್... ಯಾವುದನ್ನು ಬಿಚ್ಚಿಸಿದರೂ ಪಕ್ಕದ್ದೇ ಚೆಂದ. ನಮ್ಮ ಜನಕ್ಕೆ ಮಾತ್ರ ವಿವಿಡ್ ಮೇಲೆಯೇ ಪ್ರೀತಿ. ಗದ್ದೆ ಹಸಿರಾಗಿದ್ದರೆ ಸಾಲದು, ನೋಡಿದವರು ಕಣ್ಣುಜ್ಜಿಕೊಳ್ಳಬೇಕು.

ಈ ವಿವಿಡ್‌ಪ್ರಿಯರು ಒಮ್ಮೆ ರಾತ್ರಿಯ ಯಕ್ಷಗಾನಕ್ಕೆ ಹೋಗಬೇಕು. ವೇಷ ಮೊದಲೇ ಕಡುಗೆಂಪು. ಅದಕ್ಕೆ ವಿವಿಡ್ಡೂ ಸೇರಿದರೆ ನೆರಿಗೆ, ಜರಿ ಎಲ್ಲ ಅಳಿಸಿಹೋಗಿ ರಂಗಸ್ಥಳದಲ್ಲಿ ಒಂದು ಕೆಂಪು ಮುದ್ದೆ ಕುಣಿಯುತ್ತದೆ. ಬೆಳಕು ಸಾಲದೆಂದು ಐಎಸ್‌ಒ 6400ಕ್ಕೆ ಏರಿಸಿದರೆ ಫೋಟೊ ತುಂಬ ಕಾಳುಕಾಳು. ಅದಕ್ಕೆ ಮದ್ದು, ನಾಯ್ಸ್ ರಿಡಕ್ಷನ್ ಹೈ. ತೆಂಕುತಿಟ್ಟಿನ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖಕ್ಕೆ ಚುಕ್ಕಿಯಂಥ ಚಿಟ್ಟಿಯನ್ನು ಒಂದೊಂದಾಗಿ ಇಟ್ಟಿರುತ್ತಾರೆ. ಕ್ಯಾಮೆರಾದ ಕಣ್ಣಿಗೆ ಅದೂ ನಾಯ್ಸೇ! ಎಲ್ಲ ಒರೆಸಿ ನುಣ್ಣಗೆ ಮಾಡಿ, ರಾವಣನಿಗೆ ಫೇಷಿಯಲ್ ಮುಗಿಸಿ ಮದುಮಗನನ್ನಾಗಿಸಿ ಕೈಗಿಡುತ್ತದೆ.

ಇನ್ನು ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂಬ ಮಹಾಶಯ. ನೀವು 30 ಸೆಕೆಂಡು ನಕ್ಷತ್ರ ತೆಗೆದರೆ, ಇದು ಶಟರ್ ಮುಚ್ಚಿಕೊಂಡು ಇನ್ನೂ 30 ಸೆಕೆಂಡು ಬರೀ ಕತ್ತಲನ್ನು ತೆಗೆಯುತ್ತದೆ. ಎರಡನ್ನೂ ಹೋಲಿಸಿ ಕಳೆಯುವ ಲೆಕ್ಕವಂತೆ. ಅಷ್ಟರಲ್ಲಿ ಉಲ್ಕೆ ಬಿದ್ದರೆ ನಿಮ್ಮ ಹಣೆಬರಹ.

ಇಷ್ಟಾಗಿ, ರಾ ಫೈಲಿನಲ್ಲಿ ತೆಗೆದರೆ ಬಣ್ಣವನ್ನು ಮನೆಗೆ ಬಂದು ನಿಧಾನವಾಗಿ ಬದಲಿಸಿಕೊಳ್ಳಬಹುದು. ಜೆಪೆಗ್ಗೇ ಸಾಕೆನ್ನುವವರು ಬಣ್ಣ ಸ್ಟ್ಯಾಂಡರ್ಡ್, ನಾಯ್ಸ್ ರಿಡಕ್ಷನ್ ಲೋ ಇಟ್ಟುಬಿಡಿ. ಆಮೇಲೆ ದಯವಿಟ್ಟು ಮೆನು ಮುಚ್ಚಿ, ಆಟ ನೋಡಿ.