ಖಾಲಿಹೊಟ್ಟೆ ಶುಗರ್ ರಿಪೋರ್ಟಿಗೊಂದು ಬಹಿರಂಗ ಪತ್ರ

ಖಾಲಿಹೊಟ್ಟೆ ಶುಗರ್ ರಿಪೋರ್ಟ್ ಮಹಾಶಯರ ಸನ್ನಿಧಾನಕ್ಕೆ, ಚನ್ನಗಿರಿಯಿಂದ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ತಾಲ್ಲೂಕಿನಲ್ಲಿ ಅಡಿಕೆ ಧಾರಣೆ ಬಿಟ್ಟರೆ ಜನ ಬಾಯಿಪಾಠ ಮಾಡಿಕೊಂಡಿರುವುದು ತಮ್ಮ ಅಂಕಿಯನ್ನೇ. ತಾವು ಬರುತ್ತೀರೆಂದರೆ ಎರಡು ದಿನ ಮೊದಲೇ ಸಕ್ಕರೆ ಡಬ್ಬಿ ಅಟ್ಟ ಸೇರುತ್ತದೆ. ಮದುವೆಮನೆಯ ಎಲೆಗೆ ಹೋಳಿಗೆ ಬಂದರೆ ಕೈ ಅಡ್ಡ ಬೀಳುತ್ತದೆ. ಲ್ಯಾಬಿನ ಬೆಂಚಿನ ಮೇಲೆ ಉಪವಾಸ ಕೂತವರಿಗೆ ‘118’ ಎಂದು ತಾವು ದರ್ಶನ ಕೊಟ್ಟರೆ ಸಾಕು, ಅಲ್ಲಿಂದ ನೇರ ಬೆಣ್ಣೆದೋಸೆ ಹೋಟೆಲ್ಲು. ಇಂಥ ಉದಾರಿಗಳು ಇನ್ನೆಲ್ಲಿ ಸಿಗಬೇಕು!

ತಾವು ಸುಳ್ಳು ಹೇಳುವವರಲ್ಲ. ಆ ಬೆಳಗಿನ ಮಾತನ್ನಷ್ಟೇ ಹೇಳುತ್ತೀರಿ. ನಿನ್ನೆ ಮಧ್ಯಾಹ್ನ ಊಟವಾದ ಮೇಲಿನ ಸುದ್ದಿ ಕೇಳುವ ಕೆಟ್ಟ ಕುತೂಹಲ ತಮಗಿಲ್ಲ. ಆ ಅಧಿಕಪ್ರಸಂಗ ಎಚ್‌ಬಿಎ ಒನ್ ಸಿ ಎಂಬಾಕೆಯದು. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆದು ಎರಡು-ಮೂರು ತಿಂಗಳ ಲೆಕ್ಕ ಒಪ್ಪಿಸಿಬಿಡುತ್ತಾಳೆ. ಎರಡು ದಿನದ ಪಥ್ಯಕ್ಕೆ ಒಲಿಯುವವಳಲ್ಲ. ಆಕೆಯನ್ನು ಕಂಡರೆ ನಮ್ಮವರಿಗೆ ಆಗದಿರುವುದು ಸಹಜವೇ.

ಹೊನ್ನಾಳಿ, ನ್ಯಾಮತಿಯ ಅನ್ನ ಉಣ್ಣುವವರಲ್ಲೂ ಜಗಳೂರಿನ ಮುದ್ದೆ ಉಣ್ಣುವವರಲ್ಲೂ ತಾವು ಭೇದ ಎಣಿಸಿಲ್ಲ. ‘ಮುದ್ದೆ ಉಣ್ಣೋನಿಗೆ ಎಲ್ಲಿಯ ಶುಗರ್’ ಎನ್ನುತ್ತ ಎರಡೆರಡು ಇಳಿಸುವವರಿಗೂ ತಮ್ಮ ಆಶೀರ್ವಾದವಿದೆ. (ರಾಗಿಯಲ್ಲೂ ಇರುವುದು ಬಹುಪಾಲು ಪಿಷ್ಟವೇ ಎಂದು ಯಾರೋ ಅಂದಾರು, ಕಿವಿಗೆ ಹಾಕಿಕೊಳ್ಳಬೇಡಿ.)

ತಮ್ಮ ಕೃಪೆಯ ನಿಜವಾದ ಫಲ ನೋಡಬೇಕಾದರೆ ಕಾಲು ನೋಡಬೇಕು. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮೆಲ್ಲಗೆ ಕೊಲ್ಲುತ್ತದೆ. ಮೊದಲು ಜೋಮು, ಉರಿ. ಆಮೇಲೆ ನೋವೇ ಇಲ್ಲದ ನೆಮ್ಮದಿ. ಹವಾಯಿ ಚಪ್ಪಲಿ ಜಾರಿ ಹಿಂದೆ ಉಳಿದರೂ ಯಜಮಾನರು ತೋಟದಲ್ಲಿ ಮುಂದೆ ಹೋಗಿರುತ್ತಾರೆ. ಹಿಮ್ಮಡಿಯಲ್ಲಿ ಮುಳ್ಳು ಮುರಿದಿದ್ದು ತಿಳಿಯುವುದು ದಿನಗಳು ಕಳೆದ ಮೇಲೊಂದು ರಾತ್ರಿ, ಅದೂ ಹಾಸಿಗೆಗೆ ಕೀವು ಅಂಟಿದಾಗ ಮನೆಯವರಿಗೆ. ರಕ್ತನಾಳವೂ ಕಟ್ಟಿಕೊಂಡಿದ್ದರೆ ಗಾಯ ಮಾಯುವುದಿಲ್ಲ; ಬೆರಳು ಕಪ್ಪಾಗುತ್ತದೆ. ಆಗಲೂ ಜೇಬಿನಲ್ಲಿ ತಾವು ಮಡಚಿಕೊಂಡು ಕೂತಿರುತ್ತೀರಿ: ‘118’. ಎಂಥ ಸ್ಥಿತಪ್ರಜ್ಞೆ!

ಕಣ್ಣು, ಕಿಡ್ನಿಗಳ ವಿಷಯದಲ್ಲೂ ತಮ್ಮದು ಅದೇ ಮೌನ. ಕಣ್ಣಿನ ಒಳಪರದೆಯಲ್ಲಿ ರಕ್ತ ಸೋರುವವರೆಗೂ ಪೇಪರಿನ ಅಕ್ಷರ ಸರಿಯಾಗಿಯೇ ಕಾಣುತ್ತಿರಬಹುದು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿದ್ದರೂ ಮೈಗೆ ತಿಳಿಯದು.

ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದವರದು ಇನ್ನೊಂದು ತಕರಾರು. ಟೈಪ್ 2 ಮಧುಮೇಹಿಗಳನ್ನು ವರ್ಷಾನುಗಟ್ಟಲೆ ಗಮನಿಸಿ, ಎಚ್‌ಬಿಎ ಒನ್ ಸಿ ಶೇಕಡಾ 1ರಷ್ಟು ಕಡಿಮೆಯಿದ್ದವರಲ್ಲಿ ಕಣ್ಣು, ಕಿಡ್ನಿಗಳ ಸೂಕ್ಷ್ಮ ರಕ್ತನಾಳದ ತೊಂದರೆ ಶೇಕಡಾ 37ರಷ್ಟು ಕಡಿಮೆ ಎಂದು 2000ದಲ್ಲಿ ಬರೆದರು. ನಮ್ಮ ಐಸಿಎಂಆರ್ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳು 10 ಕೋಟಿ ದಾಟಿದ್ದಾರೆಂದಿತು. ತಮ್ಮ ಭಕ್ತಮಂಡಳಿ ಚಿಕ್ಕದೇನಲ್ಲ.

ಆದ್ದರಿಂದ ಪಾದಕ್ಕೆ ಬಿದ್ದು ಒಂದೇ ಬೇಡಿಕೆ. ಮುಂದಿನ ಸಲ ತಮ್ಮ ಅಂಕಿಯ ಕೆಳಗೆ ಮೂರು ಸಾಲು ಅಚ್ಚು ಹಾಕಿಸಿಕೊಂಡು ಬನ್ನಿ: ‘ನಾನು ಇವತ್ತಿನ ಬೆಳಗಿನವನು ಮಾತ್ರ. ಮೂರು ತಿಂಗಳ ಲೆಕ್ಕ ಎಚ್‌ಬಿಎ ಒನ್ ಸಿಯನ್ನು ಕೇಳಿ. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರ, ಪಾದ ತೋರಿಸಿ.’

ಇಂತಿ ತಮ್ಮ ವಿಧೇಯ,
ಚನ್ನಗಿರಿಯ ಒಬ್ಬ ಶುಗರ್ ಪೇಷಂಟ್