ಮೂರನೆಯ ಅಂಕವನ್ನು ಕಾಣದವನು

ಭೀಮಾನದಿಯ ದಂಡೆಗುಂಟ ಹಬ್ಬಿದ ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿಯೂ, ಆ ಭೀಮೆಯನ್ನು ಗಾಣಗಾಪುರದಲ್ಲಿ ಕೂಡಿಕೊಳ್ಳುವ ಅಮರ್ಜೆಯ ಮೇಲ್ಗಡೆಯ ಆಳಂದದ ಹಳ್ಳಿಗಳಲ್ಲಿಯೂ, ತೊಗರಿಯ ರಾಶಿ ಮುಗಿದು, ಬಿಳಿಜೋಳ ಮನೆ ಸೇರಿ, ಮುಂಗಾರಿಗೆ ಇನ್ನೂ ಸಾಕಷ್ಟು ಅವಕಾಶವಿರುವ ಆ ಕೆಲವು ತಿಂಗಳುಗಳಲ್ಲಿ, ಉಳಿದ ಕಾಲದಲ್ಲೆಲ್ಲ ವಿವೇಕಿಗಳೆಂದೇ ಹೆಸರಾದ ಗೃಹಸ್ಥರು ಮುಖಕ್ಕೆ ಬಣ್ಣ ಬಳಿದುಕೊಂಡು, ಕೈಗಡ ತಂದ ಹಣದಿಂದ ಬಾಡಿಗೆಯ ಪರದೆ ಕಟ್ಟಿಸಿ, ಇಡೀ ಊರಿನ ಮುಂದೆ ನಿಂತು ಗದ್ಗದಕಂಠದಿಂದ ಅಳತೊಡಗುವುದುಂಟು. ಹೀಗೆ ಅಳುವವರನ್ನು ಕಲಾವಿದರೆನ್ನುತ್ತಾರೆ. ಅವರು ಅಳುವುದನ್ನು ಕಾಣಲೋಸುಗ ಊಟವನ್ನು ಅರ್ಧಕ್ಕೆ ಬಿಟ್ಟು, ಸಿಕ್ಕ ಟಂಟಂ ಹತ್ತಿ, ಕಂಬಳಿ ಹೊದ್ದು, ಅನ್ಯರ ಊರಿನ ಅಗಸಿಯ ಮುಂದೆ ಬೆಳಗಿನವರೆಗೆ ಕುಕ್ಕರುಗಾಲಿನಲ್ಲಿ ಕೂಡುವವರಿಗೆ ಏನೆನ್ನಬೇಕೆಂಬುದನ್ನು ನನ್ನ ಮನೆಯಲ್ಲಿ ಆಗಾಗ ಸ್ಪಷ್ಟವಾದ ಶಬ್ದಗಳಲ್ಲಿ ಹೇಳುವುದುಂಟಾದರೂ, ಅದು ಮುದ್ರಣಯೋಗ್ಯವಲ್ಲ.

ನಾಟಕದ ಕರಪತ್ರವನ್ನು ಓದುವುದಕ್ಕೆ ಒಂದು ಕ್ರಮವಿದೆ. ಅದರ ನೆತ್ತಿಯಲ್ಲಿ ಗ್ರಾಮದೇವತೆ ಪ್ರಸನ್ನಳಾಗಿರುತ್ತಾಳೆ. ಅವಳ ಕೆಳಗೆ ನಾಟಕದ ಹೆಸರು, ಅದು ಸಾಲದೆಂಬಂತೆ 'ಅರ್ಥಾತ್' ಎಂದು ಇನ್ನೊಂದು ಹೆಸರು. ಆಮೇಲೆ ಸಾನ್ನಿಧ್ಯ ವಹಿಸುವವರು, ಅಧ್ಯಕ್ಷತೆ ವಹಿಸುವವರು, ಜ್ಯೋತಿ ಬೆಳಗಿಸುವವರು, ಪರದೆ ಸರಿಸುವವರು, ಬರಲಾರದಿದ್ದರೂ ಬಂದಂತೆ ಭಾವಿಸಬೇಕಾದವರು. ಎಲ್ಲರೂ ಮುಗಿದ ಮೇಲೆ, ಮುದ್ರಕನ ಹೆಸರಿಗೆ ತಗುಲಿಕೊಂಡಂತೆ, ಇರುವೆಯ ಗಾತ್ರದ ಅಕ್ಷರಗಳಲ್ಲಿ ಪೇಟಿ ಮಾಸ್ತರರು ಇಂಥವರು, ತಬಲಾ ಇಂಥವರು ಎಂದಿರುತ್ತದೆ. ನಾನು ಕೆಳಗಿನಿಂದ ಓದುತ್ತೇನೆ. ಪೇಟಿ ಮಾಸ್ತರರ ಹೆಸರು ಒಪ್ಪಿಗೆಯಾಯಿತೆಂದರೆ ಮೇಲಿನದನ್ನು ಓದುವ ಅಗತ್ಯವೇ ಬೀಳುವುದಿಲ್ಲ. ರಾತ್ರಿ 10-30ಕ್ಕೆ ಸರಿಯಾಗಿ ಎಂದು ಅಚ್ಚಾಗಿರುವುದನ್ನು ನಂಬಿ ಬಂದವರು ಹೊಸಬರು. ಭಾಷಣಗಳು ಮುಗಿದು ನಾಂದಿಯಾಗುವಷ್ಟರಲ್ಲಿ ಮಧ್ಯರಾತ್ರಿ ಮೀರಿರುತ್ತದೆ.

ನಾಟಕವೆಂಬುದು ಹಾಡುಗಳನ್ನು ಒಂದರಿಂದೊಂದು ದೂರವಿರಿಸಲು ಹೂಡಿದ ಉಪಾಯ ಮಾತ್ರವೆಂದೂ, ಕಥೆಯೆಂಬುದು ಪೇಟಿ ಮಾಸ್ತರರಿಗೆ ಎಲೆ ಅಡಿಕೆ ಹಾಕಿಕೊಳ್ಳಲು ದೊರೆಯುವ ವಿರಾಮವೆಂದೂ ನನ್ನ ಬಹುಕಾಲದ ಸಿದ್ಧಾಂತ. ಸೊಲ್ಲಾಪುರದಲ್ಲಿರುವ ನಮ್ಮ ಬೀಗರೊಬ್ಬರು ಈ ಸಿದ್ಧಾಂತವನ್ನು ಒಪ್ಪಿಕೊಂಡಂತೆ ಮಾಡಿ, ಕೊನೆಯಲ್ಲಿ, "ಖರೇ ಅದ ಬಿಡ್ರಿ, ಆದ್ರ ನಾಟ್ಯಸಂಗೀತ ಮರಾಠಿಯವ್ರದು" ಎಂದು ಒಂದು ಮುಳ್ಳನ್ನು ಚುಚ್ಚಿಯೇ ಏಳುತ್ತಾರೆ. ಬಾಲಗಂಧರ್ವರ ಹೆಸರನ್ನು ಅವರು ಉಚ್ಚರಿಸುವಾಗ ಬಾಲಗಂಧರ್ವರೇನೋ ಅವರ ಸೋದರಮಾವನೆಂಬ ಭಾವ ಬರುತ್ತದೆ. ಅವರಿಗೆ ನಾನು ಪ್ರತಿಸಲವೂ ಹೇಳುವುದಿಷ್ಟು: ಕರ್ನಾಟಕದಿಂದ ಹೋದ ಯಕ್ಷಗಾನ ಮೇಳದ ಆಟವನ್ನು ಸಾಂಗ್ಲಿಯಲ್ಲಿ ನೋಡಿದ ಮೇಲಲ್ಲವೇ ನಿಮ್ಮ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದ್ದು? 1880ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ಸುಮಾರು ಇನ್ನೂರು ಹಾಡುಗಳೊಡನೆ ರಂಗಕ್ಕೇರಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಲ್ಲವೇ? ಬೀಗರು ಇದಕ್ಕೆ ಉತ್ತರ ಕೊಡದೆ ಚಹಾ ಕುಡಿಯುತ್ತಾರೆ. ಅದೇ ಮರಾಠಿ ನಾಟಕಗಳ ಅಬ್ಬರವನ್ನು ತಾಳಲಾರದೆ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಬೇಕಾಯಿತೆಂಬ ಸಂಗತಿಯನ್ನು ನಾನೂ ಅವರ ಮುಂದೆ ಎತ್ತುವುದಿಲ್ಲ; ವಾದದಲ್ಲಿ ಎಲ್ಲವನ್ನೂ ಹೇಳತಕ್ಕದ್ದಲ್ಲ.

ಇನ್ನು, ಹೀಗೆ ನಾಟಕ ನೋಡಲು ಹೋದಾಗ ಕಂಡ ಒಂದು ಎಮ್ಮೆಯ ಪ್ರಸಂಗ.

ಅದು ಜೇವರ್ಗಿ ಸೀಮೆಯ ಒಂದು ಹಳ್ಳಿ. ಹೆಸರು ಹೇಳಿದರೆ ಆ ಎಮ್ಮೆಯ ಮನೆತನದವರು ಈಗಲೂ ಜಗಳಕ್ಕೆ ಬರುವ ಸಂಭವವುಂಟಾದುದರಿಂದ ಹೇಳೆನು. ನಾಟಕ ಪಿ. ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್'. ಕಂಪನಿಗಳೂ ಹಳ್ಳಿಗಳೂ ಆಡಿ ಆಡಿ ಸವೆಸಿದರೂ ಸವೆಯದ ಈ ನಾಟಕವು 1974ರಲ್ಲಿ ಚಲನಚಿತ್ರವಾಗಿ, ಅದರಲ್ಲಿ ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ಸ್ವಂತ ಕಂಠದಿಂದ ಹಾಡಿದ ಮೇಲೆ, ನಮ್ಮ ಕಡೆ ಆ ಹಾಡಿಲ್ಲದ 'ಸಂಪತ್ತಿಗೆ ಸವಾಲ್' ಜನರಿಗೆ ರುಚಿಸದಾಯಿತು. ಹಿಂದಿನ ವರ್ಷ ಪಕ್ಕದೂರಿನವರು ಬೆಂಚಿಗೆ ಕರಿಯ ಕಂಬಳಿ ಹೊದಿಸಿ, ಅದಕ್ಕೆ ಕೊಂಬು ಕಟ್ಟಿ, ಅದರ ಮೇಲೆ ನಾಯಕನನ್ನು ಕೂಡಿಸಿ ಕೆಲಸ ಸಾಗಿಸಿದ್ದರಂತೆ. ಈ ಊರಿನ ಹಿರಿಯರು ಅದನ್ನು ಕೇಳಿ ನಕ್ಕು, ತಮ್ಮಲ್ಲಿ ಎಮ್ಮೆಗಳಿಗೇನು ಬರವೇ ಎಂದು ಪಂಚಾಯತಿ ಕಟ್ಟೆಯ ಮೇಲೆ ನಿರ್ಣಯ ಕೈಗೊಂಡರು. ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರೆಂಬ ಪೂರ್ವೋದಾಹರಣೆಯನ್ನು ಯಾರೋ ಓದಿದವರು ಒದಗಿಸಿದರಂತೆ. ಆ ಓದಿದವರು ಯಾರೆಂಬುದನ್ನು ನಾನು ಬಲ್ಲೆನಾದರೂ, ವಿನಯವು ಅಡ್ಡಬರುತ್ತದೆ.

ಎತ್ತಿನ ಬಂಡಿಗಳನ್ನು ಜೋಡಿಸಿ ಹಲಗೆ ಹಾಸಿದ ಆ ರಂಗದ ಮೇಲೆ, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ಬೆನ್ನ ಮೇಲೆ ನಾಯಕನನ್ನು ಹೊತ್ತು ಎಮ್ಮೆ ಪ್ರವೇಶಿಸಿದ ಗಾಂಭೀರ್ಯವನ್ನು ನಾನು ದೊಡ್ಡ ದೊಡ್ಡ ನಟರಲ್ಲಿಯೂ ಕಂಡವನಲ್ಲ. ನಾಯಕನಾದರೋ ಹಗಲು ಹೊತ್ತಿನಲ್ಲಿ ಅಡತಿ ಅಂಗಡಿಯಲ್ಲಿ ತೊಗರಿ ತೂಗುವವನು. ಭಯದಿಂದ ಅವನ ಕಂಠ ಎಂದಿಗಿಂತ ಎರಡು ಮನೆ ಮೇಲಕ್ಕೇರಿತ್ತು. ಹಾಡಿನ ನಡುವೆ ಎಮ್ಮೆ ಒಮ್ಮೆ ದೀರ್ಘವಾಗಿ ಕೂಗಿತು. ಪೇಟಿಯ ಮುಂದೆ ಕುಳಿತಿದ್ದವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಅಂಧ ಮಾಸ್ತರರು, ಬೆರಳು ನಿಲ್ಲಿಸದೆಯೇ ತಬಲದವನ ಕಡೆಗೆ ವಾಲಿ, "ತಮ್ಮಾ, ಹುಡುಗ ಕಪ್ಪು ನಾಕು ಬಿಟ್ಟು ಎಲ್ಲೋ ಹೋಗ್ಯಾನ. ಎಮ್ಮೀದು ಮಾತ್ರ ಸುದ್ದ ಅದ" ಎಂದು ತೀರ್ಪು ಕೊಟ್ಟರು. ಮೈಕು ಅವರ ಮುಂದೆಯೇ ಇದ್ದುದರಿಂದ ಈ ವಿಮರ್ಶೆ ಊರಿಗೆಲ್ಲ ಕೇಳಿಸಿತು.

ನಾನು "ಒನ್ಸ್ ಮೋರ್" ಎಂದು ಕೂಗಿದೆ.

ಕೂಗಬಾರದಿತ್ತೆಂದು ನನ್ನ ಸಂಗಡ ಬಂದವರು ಇಂದಿಗೂ ಹೇಳುತ್ತಾರೆ. ಕೂಗಿದ್ದಕ್ಕಾಗಿ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ನನ್ನ ಹಿಂದೆ ಗಂಡಸರು, ಗಂಡಸರ ಹಿಂದೆ ಹುಡುಗರು, ಆಚೆ ಕಟ್ಟೆಯ ಮೇಲಿಂದ ಹೆಂಗಸರು ಕೂಗಿಕೊಂಡರು. ಆಗ ಒಂದು ಸಮಸ್ಯೆ ಉದ್ಭವಿಸಿತು. ಎಡಗಡೆಯಿಂದ ಬಂದ ಎಮ್ಮೆ ಬಲಗಡೆಗೆ ಹೊರಟುಹೋಗಿತ್ತು. ಬಲಗಡೆಯಲ್ಲಿ ಡೈನಮೋ, ಪೆಟ್ಟಿಗೆಗಳು, ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಖಳನಾಯಕ. ಎಮ್ಮೆ ಹೊರಳುವಷ್ಟು ಸ್ಥಳವಿರಲಿಲ್ಲ. ಆದುದರಿಂದ ಎರಡನೆಯ ಸಲ ಅದನ್ನು ಹಿಂದುಹಿಂದಕ್ಕೆ ನೂಕಿ ಒಳತಂದರು. ಮೊದಲು ಬಾಲ, ಅನಂತರ ವಿಸ್ತಾರವಾದ ಪೃಷ್ಠಭಾಗ, ಬಹಳ ಹೊತ್ತಿನ ತರುವಾಯ ನಾಯಕ, ಕಟ್ಟಕಡೆಗೆ ಮುಖ: ಹೀಗೆ ಎಮ್ಮೆ ಕ್ರಮೇಣ ಪ್ರಕಟವಾಯಿತು. ನಾಯಕನು ತಾನು ಬಂದ ದಿಕ್ಕಿಗೇ ಮುಖಮಾಡಿ, ಪರದೆಯ ಹಿಂದಿನ ಖಳನಾಯಕನನ್ನು ಉದ್ದೇಶಿಸಿ ಇಡೀ ಹಾಡನ್ನು ಹಾಡಿ ಮುಗಿಸಿದನು.

ಇಷ್ಟಾಗುವಾಗ ಆಯೇರಿ ಆರಂಭವಾಯಿತು. ನಾಯಕನಿಗೆ ಅವನ ಮಾವನವರಿಂದ ಧೋತರ, ಟವೆಲು, ಟೋಪಿ. ಅತ್ತೆಯಿಂದ 101 ರೂಪಾಯಿ. ಇದನ್ನು ಕೇಳಿದ ಎಮ್ಮೆಯ ಯಜಮಾನನ ಭಾಗಾದಿಗಳು ಸುಮ್ಮನಿರಲು ಸಾಧ್ಯವೇ? "ನಮ್ಮ ಎಮ್ಮಿಗೆ ಅದರ ಕಾಕಾನವರಿಂದ 51 ರೂಪಾಯಿ ಆಯೇರಿ" ಎಂದು ಮೈಕಿನಲ್ಲಿ ಘೋಷಣೆಯಾಯಿತು. ನೋಟನ್ನು ಎಲ್ಲಿ ಸಿಕ್ಕಿಸಬೇಕೆಂಬ ಚರ್ಚೆ ಕೆಲಹೊತ್ತು ನಡೆದು, ಕೊನೆಗೆ ಚೆಂಡುಹೂವಿನ ಮಾಲೆಯಲ್ಲಿ ಸಿಕ್ಕಿಸಿದರು. ಎಮ್ಮೆ ಮಾಲೆಯನ್ನು ನೋಟಿನ ಸಮೇತ ತಿಂದು, ಸನ್ಮಾನದಿಂದ ಆಯಾಸಗೊಂಡ ಹಿರಿಯರಂತೆ ರಂಗದ ನಡುಮಧ್ಯದಲ್ಲಿ ಮಲಗಿಬಿಟ್ಟಿತು.

ಎಬ್ಬಿಸಿದರು, ಏಳಲಿಲ್ಲ. ಬಾಲ ತಿರುವಿದರು, ಏಳಲಿಲ್ಲ. ಮುಂದಿನ ದೃಶ್ಯ ಸಾಹುಕಾರ ಸಿದ್ಧಪ್ಪನ ಮನೆ. ಗೋಡೆ, ಗಡಿಯಾರ, ಕಿಟಕಿಯಾಚೆ ತಾಜಮಹಲು ಬರೆದ ಪರದೆ ಇಳಿಯಿತು. ಅದರ ಮುಂದೆ ಎಮ್ಮೆ ಮೆಲುಕು ಹಾಕುತ್ತಿತ್ತು. ಸಾಹುಕಾರನ ಪಾತ್ರಧಾರಿ ಪ್ರತಿಭಾವಂತ, ಬಂದು ಒಂದು ಕ್ಷಣ ನಿಂತು ನೋಡಿ, "ಏನಲೇ, ನನ್ನ ಪಡಸಾಲಿಯೊಳಗ ಎಮ್ಮಿ ಕಟ್ಟಿದ ಮಗ ಯಾವನಲೇ?" ಎಂದು ಗರ್ಜಿಸಿದ. ಅದಕ್ಕೂ ಒನ್ಸ್ ಮೋರ್ ಬಿತ್ತು. (ಇದನ್ನು ಕೂಗಿದವನು ನಾನಲ್ಲ.) ಅಲ್ಲಿಂದ ಮುಂದೆ ಪ್ರತಿಯೊಂದು ದೃಶ್ಯವೂ ಎಮ್ಮೆಯ ಸುತ್ತಲೇ ನಡೆಯಿತು. ದುಃಖದ ಹಾಡಿಗೆ ನಾಯಕಿ ಅದರ ಕೊರಳನ್ನೇ ತಬ್ಬಿಕೊಂಡು ಹಾಡಿದಳು. ಆ ಹಾಡು ಮಾತ್ರ, ನಗಬೇಕೆಂದು ಸಿದ್ಧರಾಗಿ ಕುಳಿತವರೆಲ್ಲರ ಕಣ್ಣಲ್ಲಿ ನೀರು ತರಿಸಿತು. ಎರಡನೆಯ ಅಂಕ ಮುಗಿಯುವ ಹೊತ್ತಿಗೆ ಮೂಡಲು ಬೆಳ್ಳಗಾಗುತ್ತಿತ್ತು. ಎಮ್ಮೆಯ ಮನೆಯ ಮುದುಕಿ ಚರಿಗೆ ಹಿಡಿದುಕೊಂಡು ನೆಟ್ಟಗೆ ರಂಗವನ್ನೇರಿ, ಆತ್ಮಹತ್ಯೆಗೆ ಹೊರಟಿದ್ದ ಪಾತ್ರವನ್ನು ಪಕ್ಕಕ್ಕೆ ಸರಿಸಿ, "ನಾಟಕ ನಿಂದಿರ್ತದೋ ಯಪ್ಪಾ, ಎಮ್ಮಿ ಕೆಚ್ಚಲ ನಿಂದರಂಗಿಲ್ಲ" ಎಂದು ಹೇಳಿ, ಎಮ್ಮೆಯ ಬೆನ್ನು ಚಪ್ಪರಿಸಿದಳು. ರಾತ್ರಿಯೆಲ್ಲ ಯಾರಿಗೂ ಬಗ್ಗದ ಎಮ್ಮೆ ಥಟ್ಟನೆ ಎದ್ದು ನಿಂತಿತು. ಮಾಸ್ತರರು ಭೈರವಿ ನುಡಿಸಿದರು, ಮುದುಕಿ ಹಾಲು ಹಿಂಡಿದಳು, ಸೂರ್ಯೋದಯವಾಯಿತು, ಮಂಗಳಾರತಿ. ಮೂರನೆಯ ಅಂಕವನ್ನು ಆಡಲಿಲ್ಲ. ಹೀಗೆ ಎಲ್ಲ ಊರುಗಳಲ್ಲಿಯೂ ಒಂದಿಲ್ಲೊಂದು ಕಾರಣದಿಂದ ನಾನು ಮೂರನೆಯ ಅಂಕವನ್ನು ಕಾಣದೆ ಮರಳಿದವನು; ನನ್ನ ಲೆಕ್ಕದಲ್ಲಿ ಈ ಸೀಮೆಯ ಖಳನಾಯಕರೆಲ್ಲರೂ ಶಿಕ್ಷೆಯಾಗದೆ ಸುಖವಾಗಿದ್ದಾರೆ.

ಆ ಹಾಲಿನಿಂದಲೇ ಚಹಾ ಕಾಸಿ ಎಲ್ಲರಿಗೂ ಹಂಚಿದರು. ನಾಯಕಿಯ ಪಾತ್ರದಾಕೆ ಪರವೂರಿನವಳು. ಹಿಂದಿನ ರಾತ್ರಿ ಆಳಂದದ ಕಡೆಯ ಒಂದು ಹಳ್ಳಿಯಲ್ಲಿ ಹಾಡಿ, ಹಗಲೆಲ್ಲ ಬಸ್ಸಿನಲ್ಲಿ ಕುಳಿತು ಇಲ್ಲಿಗೆ ಬಂದಿದ್ದಳು. ಸೀರೆಗಳ ಟ್ರಂಕನ್ನು ತಾನೇ ಎತ್ತಿಕೊಂಡು, ಮೈತೊಳೆಯಲು ಬಚ್ಚಲು ಕೊಡುವಿರಾ ಎಂದು ಎದುರಿನ ಮನೆಯಲ್ಲಿ ಕೇಳಿದಳು. ರಾತ್ರಿ ಅವಳ ಹಾಡಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದ ಹೆಂಗಸು, ಮನೆಯಲ್ಲಿ ಗಂಡಸರಿಲ್ಲವೆಂದು ಹೇಳಿ ಬಾಗಿಲು ಮುಂದಕ್ಕೆ ಮಾಡಿದಳು. ಇನ್ನೊಂದು ಮನೆಯಲ್ಲಿ ಗಂಡಸರಿದ್ದಾರೆಂಬುದೇ ಕಾರಣವಾಯಿತು. ಆಕೆ ಶಾಲೆಯ ಮುಂದಿನ ಬೋರಿಂಗಿನಲ್ಲಿ, ಸುತ್ತ ಹುಡುಗರು ನಿಂತು ನೋಡುತ್ತಿರುವಾಗ, ಮುಖದ ಬಣ್ಣವನ್ನು ತೊಳೆದುಕೊಂಡಳು. ಉಳಿದ ಹಣ ಕೊಡಬೇಕಾದವರು ನಿದ್ದೆಗೆ ಹೋಗಿದ್ದರು. ಒನ್ಸ್ ಮೋರ್ ಎಂದು ಕೂಗಲು ಅಷ್ಟು ದೊಡ್ಡ ಧ್ವನಿಯಿದ್ದ ನನಗೆ ಆ ಹೊತ್ತಿನಲ್ಲಿ ಯಾರ ಬಾಗಿಲನ್ನೂ ಬಡಿದು ಕೂಗಬೇಕೆಂದು ತೋರಲಿಲ್ಲ. ನನ್ನ ಮನೆ ಆ ಊರಿನಲ್ಲಿಲ್ಲವೆಂಬ ನೆಪವಿತ್ತು. ನಮ್ಮ ಪೇಟಿ ಮಾಸ್ತರರು ಕಲಿತು ಬಂದ ಆ ಗದಗಿನ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳೂ ಅಲ್ಲಿಯ ಅಂಧ ಮಕ್ಕಳಿಗೆ ಅನ್ನ ಹುಟ್ಟಿಸಲೆಂದು ನಾಟ್ಯಸಂಘವನ್ನು ನಡೆಸಿದರು, ನಾಟಕಗಳನ್ನು ಬರೆದರು. ನಾಟಕದ ಹಿಂದೆ ಅನ್ನದ ಪ್ರಶ್ನೆಯಿದೆಯೆಂಬುದನ್ನು ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವರು ಮರೆಯುವುದು ಸುಲಭ.

ಈಚೆಗೆ ಪೇಟಿಯ ಸ್ಥಾನದಲ್ಲಿ ಕ್ಯಾಶಿಯೋ ಬಂದು ಕುಳಿತಿದೆ. ಅದರಿಂದ ಕೊಳಲು ಬರುತ್ತದೆ, ಪಿಟೀಲು ಬರುತ್ತದೆ, ಗುಡುಗೂ ಬರುತ್ತದೆ. ಆದರೆ ಹಾಡುವವನು ತಾಳ ತಪ್ಪಿದಾಗ ಒಂದು ಆವರ್ತ ತಡೆದು ನಿಂತು ಅವನನ್ನು ಎತ್ತಿಕೊಳ್ಳುವ ಕರುಣೆ ಬರುವುದಿಲ್ಲ. ಹಾಸ್ಯಪಾತ್ರಗಳ ದ್ವಂದ್ವಾರ್ಥದಲ್ಲಿ ಈಗ ಒಂದೇ ಅರ್ಥ ಉಳಿದಿದೆ. ಕಲಬುರಗಿಯಲ್ಲಿ ಒಳ್ಳೆಯ ನಾಟಕಗಳು ಆಗುತ್ತವೆಂದು ಕೇಳಿ ಅಲ್ಲಿಗೂ ಹೋದೆ. ಮೆತ್ತನೆಯ ಕುರ್ಚಿ, ಹೇಳಿದ ವೇಳೆಗೆ ಆರಂಭ, ಮೂರ್ತಿಗಳಂತೆ ಕುಳಿತ ಸಭಿಕರು. ಹಾಡೊಂದು ನನ್ನ ಗಂಟಲಿನವರೆಗೆ ಒನ್ಸ್ ಮೋರನ್ನು ತಂದು ನಿಲ್ಲಿಸಿತು. ಪಕ್ಕದವರ ಮುಖ ನೋಡಿ ಅದನ್ನು ನುಂಗಿಕೊಂಡೆ. ಎರಡು ದಿನ ಎದೆ ಹಿಡಿದುಕೊಂಡಂತಾಗಿತ್ತು. ನಾಟಕ ಒಂದೂವರೆ ಗಂಟೆಯಲ್ಲಿ ಮುಗಿದೇ ಹೋಯಿತು. ಕೊನೆಯನ್ನು ಕಂಡೆನಾದರೂ ಅದರಲ್ಲಿ ಅಂಕಗಳೇ ಇರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಈ ಸಲದ ಜಾತ್ರೆಗೆ ನಾಟಕವಿಡಬೇಕೆಂದಿರುವ ಊರ ಹಿರಿಯರಲ್ಲಿ ನನ್ನದೊಂದು ವಿನಂತಿ. ಮೂರನೆಯ ಅಂಕವನ್ನೇ ಮೊದಲು ಆಡಿಸಿಬಿಡಿರಿ. ಕೊಲೆ, ಪೊಲೀಸು, ಪಶ್ಚಾತ್ತಾಪ, ಮದುವೆ ಇವೆಲ್ಲ ಭಾಷಣಗಳೊಡನೆಯೇ ಮುಗಿದುಹೋಗಲಿ. ಆಮೇಲೆ ಬೆಳತನಕ ನಿಶ್ಚಿಂತೆಯಿಂದ ಹಾಡಿಸಬಹುದು. ಎಮ್ಮೆಯನ್ನು ತರುವುದಾದರೆ ಹಾಲು ಹಿಂಡಿಕೊಂಡು ತನ್ನಿರಿ. ಪೇಟಿ ಮಾಸ್ತರರ ಹೆಸರನ್ನು ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಅಚ್ಚು ಹಾಕಿಸಿರಿ. ಹೆಣ್ಣುಪಾತ್ರದವರಿಗೆ ಒಪ್ಪಿದ ಹಣವನ್ನು ನಾಂದಿಗೆ ಮೊದಲೇ ಎಣಿಸಿ ಕೊಟ್ಟು, ನೀರಿರುವ ಬಚ್ಚಲನ್ನೂ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನೂ ಗೊತ್ತುಮಾಡಿರಿ.